ಸಂದರ್ಭ ಸಹಿತ ವಿವರಿಸಿ

ಈ ಪ್ರಶ್ನೆ ಕಂಡರೆ ನಿಮಗೆ ಬೇಸರವೆಂದು ಗೊತ್ತು. ಯಾರು, ಯಾರಿಗೆ, ಯಾವಾಗ ಹೇಳಿದರು? ಸತ್ಯವೇದ ಓದುವಾಗಲೂ ನಾನು ಇದನ್ನೇ ಕೇಳಿಕೊಳ್ಳುತ್ತೇನೆ.

ಮೂರು ತಿಂಗಳ ಹಿಂದೆ ನಮ್ಮ ಯಜಮಾನರ ಕೆಲಸ ಹೋಯಿತು. ಪರಿಚಿತರೊಬ್ಬರು ಯೆರೆಮೀಯ 29:11ನೆಯ ವಚನ ಕಳುಹಿಸಿ, "ಈ ತಿಂಗಳಲ್ಲೇ ಹೊಸ ಕೆಲಸ, ಇದು ದೇವರ ವಾಗ್ದಾನ" ಎಂದರು. ದೇವರ ಯೋಚನೆಗಳು ಹಿತಕ್ಕಾಗಿಯೇ ಎನ್ನುವ ವಚನವದು. ಸಾಲ ಮಾಡಿಯಾದರೂ ಇಲ್ಲೇ ಕಾಯೋಣವೆಂದರು ಯಜಮಾನರು.

ಆ ರಾತ್ರಿ ಇಬ್ಬರೂ ಕೂತು ಹಿಂದಿನ ಅಧ್ಯಾಯದಿಂದಲೇ ಓದಿದೆವು. ಕ್ರಿ.ಪೂ. 597ರಲ್ಲಿ ಯೆರೂಸಲೇಮಿನಿಂದ ಬಾಬೆಲಿಗೆ ಸೆರೆಹೋದವರು ಎರಡೇ ವರ್ಷದಲ್ಲಿ ಮರಳುವರೆಂದು ಹನನ್ಯನೆಂಬವನು ದೇವರ ಹೆಸರಿನಲ್ಲೇ ಸಾರಿದ್ದ. ಯೆರೆಮೀಯನೋ ಅವರಿಗೆ ಪತ್ರ ಬರೆದು, 70 ವರ್ಷ ಎಂದ. ಅಲ್ಲೇ ಮನೆ ಕಟ್ಟಿ, ತೋಟ ಮಾಡಿ, ಆ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಲು ಹೇಳಿದ. ಹಿತದ ಮಾತು ಬರುವುದು ಇದರ ನಂತರ! ಕಿವಿಗೆ ಇಂಪಾದದ್ದು ಹನನ್ಯನ ಮಾತೇ, ನಿಜ. (ನಮ್ಮ ಪರಿಚಿತರ ಮನಸ್ಸೂ ಒಳ್ಳೆಯದೇ.)

ವಚನದ ಮೇಲಿನ ನಂಬಿಕೆ ಕಡಿಮೆಯಾಗಲಿಲ್ಲ. ಆದರೆ ಅದರಲ್ಲಿ 'ಈ ತಿಂಗಳು' ಎಂದಿಲ್ಲ. ನಾವು ಸಾಲ ಮಾಡಲಿಲ್ಲ. ಯಜಮಾನರು ಊರಿಗೆ ಹೋಗಿ ಕೆಲಸ ಹುಡುಕುತ್ತಿದ್ದಾರೆ. ಮಗಳ ಪರೀಕ್ಷೆ ಮುಗಿಯುವವರೆಗೆ ನಾವಿಬ್ಬರು ಇಲ್ಲಿ. ರಾತ್ರಿ ಫೋನಿನಲ್ಲಿ ಮೂವರೂ ಒಂದೊಂದು ಅಧ್ಯಾಯ ಓದುತ್ತೇವೆ.