ಸೇಬಿನ ನಾಡಿನ ಸೈಡರ್, ಈಚಲ ನಾಡಿನ ಶಿಂದಿ

ಕಲಬುರಗಿಯ ಸೂಪರ್ ಮಾರ್ಕೆಟ್ ಎಂದರೆ ಪರ ಊರಿನವರು ಗಾಜಿನ ಬಾಗಿಲಿನ ದೊಡ್ಡ ಅಂಗಡಿಯೊಂದನ್ನು ಹುಡುಕುತ್ತಾರೆ. ಅದು ಅಂಗಡಿಯಲ್ಲ, ಇಡೀ ಪೇಟೆ. ಬಟ್ಟೆ, ಬಂಗಾರ, ಪಾತ್ರೆ, ಹಣ್ಣು ಎಲ್ಲವೂ ಇಲ್ಲುಂಟು. ಕಮಲಾಪುರದ ಕೆಂಪು ಬಾಳೆಯ ಪಕ್ಕದಲ್ಲೇ ಕಾಶ್ಮೀರದ ಸೇಬು. ಈಚೆಗೆ ಸೇಬಿನ ‘ಸೈಡರ್ ವಿನೆಗರ್’ ಬಾಟಲಿಗಳೂ ಬಂದಿವೆ. ತೂಕ ಇಳಿಸಲೆಂದು ಅದನ್ನು ಕೊಳ್ಳುವವರಲ್ಲಿ ಸೈಡರ್ ಎಂದರೇನೆಂದು ಬಲ್ಲವರು ಕಡಿಮೆ.

ಸೇಬನ್ನು ಜಜ್ಜಿ, ಹಿಂಡಿ, ರಸವನ್ನು ಪೀಪಾಯಿಯಲ್ಲಿಟ್ಟರೆ ಯೀಸ್ಟ್ ತಾನಾಗಿ ಸಕ್ಕರೆಯನ್ನು ಮದ್ಯವಾಗಿಸುತ್ತದೆ. ಅದೇ ಸೈಡರ್. ಇನ್ನೂ ಹುಳಿತರೆ ವಿನೆಗರ್. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲದಿಂದ ಅಲ್ಲಿ ಸೈಡರ್ ಬಲು ಬೆಳೆಯಿತು. ಹೊಲದ ಆಳುಗಳಿಗೆ ಕೂಲಿಯ ಒಂದು ಪಾಲಾಗಿ ಸೈಡರನ್ನೇ ಅಳೆದು ಕೊಡುತ್ತಿದ್ದರು. 1887ರ ಕಾಯ್ದೆ ಅದನ್ನು ನಿಷೇಧಿಸಿತು. ಸ್ಪೇನಿನ ಅಸ್ತೂರಿಯಾಸ್‌ನಲ್ಲಿ ಬಾಟಲಿಯನ್ನು ತಲೆಯ ಮೇಲೆತ್ತಿ, ಸೊಂಟದ ಕೆಳಗೆ ಹಿಡಿದ ಲೋಟಕ್ಕೆ ಧಾರೆಯಾಗಿ ಸುರಿದು, ನೊರೆ ಆರುವ ಮೊದಲೇ ಗುಟುಕರಿಸುತ್ತಾರೆ.

ಕಲಬುರಗಿ ಸೀಮೆಗೆ ಇದರ ದಾಯಾದಿ ಎಂದರೆ ಶಿಂದಿ. ಈಚಲ ಮರದ ಸುಳಿಯ ಬುಡದಲ್ಲಿ ಕೆತ್ತಿ, ರಾತ್ರಿ ಮಡಕೆ ಕಟ್ಟಿದರೆ ನಸುಕಿಗೆ ಸಿಹಿ ರಸ. ಮಡಕೆಗೆ ಸುಣ್ಣ ಬಳಿದಿದ್ದರೆ ಅದು ನೀರಾ. ಹಾಗೇ ಬಿಟ್ಟರೆ ಹೊತ್ತೇರಿದಂತೆ ಹುಳಿಯುತ್ತದೆ, ನೊರೆಯೇಳುತ್ತದೆ. ರುಚಿ ಬಲ್ಲವರು ಬೆಳಗಿನದನ್ನೇ ಬಯಸುತ್ತಿದ್ದರು. ಜೊತೆಗೆ ಖಾರದ ಶೇಂಗಾ ಇದ್ದರೆ ಮತ್ತೇನೂ ಬೇಕಿರಲಿಲ್ಲ. 1948ರವರೆಗೆ ಈ ಸೀಮೆಯನ್ನಾಳಿದ ನಿಜಾಮರ ಬೊಕ್ಕಸಕ್ಕೆ ಅಬಕಾರಿ ದೊಡ್ಡ ಆದಾಯವಾಗಿತ್ತು.

ಎರಡು ಪಾನೀಯಗಳಿಗೂ ವಿಷದ ಕಳಂಕ ತಟ್ಟಿತು. ಇಂಗ್ಲೆಂಡಿನ ಡೆವನ್‌ನಲ್ಲಿ ಸೈಡರ್ ಕುಡಿದವರು ಹೊಟ್ಟೆನೋವಿನಿಂದ ನರಳುತ್ತಿದ್ದರು. ಹಿಂಡುವ ಯಂತ್ರಗಳಲ್ಲಿದ್ದ ಸೀಸವೇ ಇದಕ್ಕೆ ಕಾರಣವೆಂದು 1767ರಲ್ಲಿ ವೈದ್ಯ ಜಾರ್ಜ್ ಬೇಕರ್ ತೋರಿಸಿಕೊಟ್ಟ. ಸೀಸ ಹೋಯಿತು, ಬೇನೆಯೂ ಹೋಯಿತು, ಸೈಡರ್ ಉಳಿಯಿತು. ಇಲ್ಲಿ ದಂಧೆ ಬೆಳೆದಂತೆ ಶಿಂದಿಗೆ ಕ್ಲೋರಲ್ ಹೈಡ್ರೇಟ್ ಎಂಬ ಮಂಪರು ಮದ್ದು ಸೇರತೊಡಗಿತು. ಬಡವರ ಮನೆಗಳು ಹಾಳಾದವು. 2004ರಲ್ಲಿ ಸರ್ಕಾರ ಕರಾವಳಿಯನ್ನು ಬಿಟ್ಟು ಉಳಿದೆಡೆ ಶಿಂದಿಯನ್ನೇ ನಿಲ್ಲಿಸಿತು. ಕಲಬೆರಕೆಯ ಜೊತೆಗೆ ಮರ ಏರುವವನ ಅನ್ನವೂ ಹೋಯಿತು. ಕುಲಕಸುಬಿಗೆ ಮತ್ತೆ ಅವಕಾಶ ಬೇಕೆಂದು ಈಡಿಗರು ಕೇಳುತ್ತಲೇ ಬಂದಿದ್ದಾರೆ. ಕುಡಿತದಿಂದ ನೊಂದ ಹೆಣ್ಣುಮಕ್ಕಳ ಅಂಜಿಕೆಯೂ ಸುಳ್ಳಲ್ಲ. ಗಡಿಯಾಚೆ ತೆಲಂಗಾಣದಲ್ಲಿ ಮಾತ್ರ ಕಳ್ಳಿನ ಮಾರಾಟ ಉಂಟು.

ಪೇಟೆಯಿಂದ ಹುಮನಾಬಾದ್ ರಸ್ತೆ ಹಿಡಿದು ಕಮಲಾಪುರಕ್ಕೆ ಹೋಗಬೇಕು. ಅಲ್ಲಿಯ ಕೆಂಪು ಬಾಳೆಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಸಿಪ್ಪೆ ತುಸು ಮೆತ್ತಗಾದಾಗ ತಿಂದರೆ ಅದರ ಸವಿಯೇ ಬೇರೆ. ಈಚಲ ಮರಕ್ಕೆ ಅಂಥ ಮಾನ್ಯತೆ ಇಲ್ಲ. ಈಗ ಅದರ ಗರಿ ಕಸಬರಿಗೆಯಾಗುತ್ತದೆ, ಚಾಪೆಯಾಗುತ್ತದೆ. ಹಳ್ಳದ ದಂಡೆಯ ಹಳೆಯ ಮರಗಳ ಮೈಮೇಲೆ ಕತ್ತಿಯ ಕಚ್ಚುಗಳು ಮೆಟ್ಟಿಲಿನಂತೆ ಉಳಿದಿವೆ. ಎಣಿಸಿದರೆ ಎಷ್ಟು ಚಳಿಗಾಲ ರಸ ಕೊಟ್ಟಿತೆಂದು ಗೊತ್ತಾಗುತ್ತದೆ.