ಹನ್ನೆರಡು ಸಾಲುಗಳ ಪಟ್ಟಿ

ಪಕ್ಕದ ಮನೆಯಲ್ಲಿ ಹೊಸ ಬಗೆಯ ಗೊಜ್ಜೊಂದನ್ನು ರುಚಿ ನೋಡಿದ ಗೃಹಿಣಿಯು ಅದಕ್ಕೆ ಏನೇನು ಹಾಕಿದಿರಿ, ಎಷ್ಟು ಹೊತ್ತು ಹುರಿದಿರಿ ಎಂದು ಕೇಳದೆ ಮನೆಗೆ ಹಿಂದಿರುಗುವುದಿಲ್ಲ. ವಕೀಲರು ಒಬ್ಬರ ವಾದವನ್ನು ಮತ್ತೊಬ್ಬರು ನ್ಯಾಯಾಲಯದಲ್ಲಿ ಕುಳಿತು ಕೇಳುವರು. ಶಸ್ತ್ರವೈದ್ಯರು ಹಿರಿಯರ ಕೈಯನ್ನು ನೋಡಿ ತಮ್ಮ ಕೈಯನ್ನು ಪಳಗಿಸಿಕೊಳ್ಳುವರು. ಉಪಾಧ್ಯಾಯನೊಬ್ಬನು ಮಾತ್ರ, ತರಬೇತಿಯ ಕಾಲೇಜನ್ನು ಬಿಟ್ಟ ದಿನದಿಂದ ನಿವೃತ್ತನಾಗುವ ದಿನದವರೆಗೆ, ತನ್ನ ವೃತ್ತಿಯ ಮುಖ್ಯವಾದ ಕೆಲಸವನ್ನು ಇನ್ನೊಬ್ಬ ಉಪಾಧ್ಯಾಯನ ಕಣ್ಣಿಗೆ ಬೀಳದಂತೆ ನಡೆಸುವನು. ಆಗೊಮ್ಮೆ ಈಗೊಮ್ಮೆ ಬರುವ ಅಧಿಕಾರಿಗಳು ಹಾಜರಿ ಪುಸ್ತಕವನ್ನೂ ಬಿಸಿಯೂಟದ ಲೆಕ್ಕವನ್ನೂ ನೋಡಿ ರುಜು ಹಾಕಿ ಹೋಗುವರಷ್ಟೆ. ಹೀಗಾಗಿ ಒಂದು ಊರಿನ ಮೇಷ್ಟ್ರು ಮೂವತ್ತು ವರ್ಷಗಳಲ್ಲಿ ಕಂಡುಕೊಂಡ ಒಳ್ಳೆಯ ಉಪಾಯವು ಅವರ ಬೀಳ್ಕೊಡುಗೆಯ ಹಾರದೊಡನೆಯೇ ಬಾಡಿಹೋಗುವುದು.

ನಾವು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಗಣಿತವನ್ನು ಹೇಳಿಕೊಡುವವರು. ಶಾಲೆಯಲ್ಲಿ ಆ ವಿಷಯಕ್ಕೆ ನಾವೊಬ್ಬರೇ. ಅಂತರ್ಜಾಲವು ಹಳ್ಳಿಯವರೆಗೂ ಬಂದಾಗ, ಇನ್ನು ಈ ಒಂಟಿತನವು ತೀರಿತೆಂದು ನಮ್ಮ ವೃತ್ತಿಯವರು ಅನೇಕರು ಹರ್ಷಪಟ್ಟರು. ಹರ್ಷಕ್ಕೆ ಕಾರಣವೂ ಇದ್ದಿತು. ಮನೆಯ ಮಕ್ಕಳ ಪಠ್ಯಪುಸ್ತಕಗಳಲ್ಲಿ ಅಲ್ಲಲ್ಲಿ ಅಚ್ಚಾಗಿರುವ ಕಪ್ಪುಬಿಳುಪಿನ ಚೌಕವನ್ನು ವಾಚಕರು ಕಂಡಿರಬಹುದು. ಅದನ್ನು ಮೊಬೈಲಿಗೆ ತೋರಿಸಿದರೆ, 2017ರ ಸೆಪ್ಟೆಂಬರ್ 5ರಂದು ಭಾರತ ಸರ್ಕಾರವು ಆರಂಭಿಸಿದ ‘ದೀಕ್ಷಾ’ ಭಂಡಾರದೊಳಗಿನ ಪಾಠವು ತೆರೆದುಕೊಳ್ಳುವುದು. ಅದಕ್ಕಿಂತ ಮೊದಲೇ, 2013ರಲ್ಲಿ, ಕನ್ನಡದ ಉಪಾಧ್ಯಾಯರು ತಾವೇ ಬರೆದು ತಾವೇ ತಿದ್ದಬಹುದಾದ ಮುಕ್ತ ಶೈಕ್ಷಣಿಕ ಸಂಪನ್ಮೂಲಗಳ ಪುಟಗಳು ನಮ್ಮ ರಾಜ್ಯದಲ್ಲಿ ಹುಟ್ಟಿದ್ದವು. ಆಸ್ಟ್ರಿಯಾ ದೇಶದ ಸಾಲ್ಜ್‌ಬರ್ಗಿನಲ್ಲಿ 2001ರಲ್ಲಿ ಒಬ್ಬ ವಿದ್ಯಾರ್ಥಿಯು ತನ್ನ ಪದವಿಯ ಪ್ರಬಂಧಕ್ಕಾಗಿ ತೊಡಗಿದ ‘ಜಿಯೋಜಿಬ್ರಾ’ ಈಗ ಹಳ್ಳಿಯ ಶಾಲೆಯ ಗಣಕಯಂತ್ರದಲ್ಲಿಯೂ ತ್ರಿಕೋನಗಳನ್ನು ಎಳೆಯುತ್ತಲಿದೆ. ನೊಬೆಲ್ ಪಾರಿತೋಷಕವನ್ನು ಪಡೆದ ಕಾರ್ಲ್ ವೀಮನ್ ಎಂಬ ವಿಜ್ಞಾನಿಯು ಅಮೆರಿಕಾದ ಕೊಲರಾಡೋ ವಿಶ್ವವಿದ್ಯಾನಿಲಯದಲ್ಲಿ 2002ರಲ್ಲಿ ಆರಂಭಿಸಿದ ‘ಫೆಟ್’ ಎಂಬ ಸಂಗ್ರಹದಲ್ಲಿ ವಿದ್ಯುತ್ತಿನ ಪ್ರಯೋಗಗಳನ್ನೂ ಭಿನ್ನರಾಶಿಯ ಆಟಗಳನ್ನೂ ಒಂದು ಕಾಸಿಲ್ಲದೆ ಆಡಿಸಬಹುದು.

ಆದರೆ ಭಂಡಾರವು ತುಂಬಿದ ಮಾತ್ರಕ್ಕೆ ಅಡಿಗೆಯಾಗಲಿಲ್ಲ. ಉಪಾಧ್ಯಾಯರ ವಾಟ್ಸಾಪಿನಲ್ಲಿ ದಿನವೂ ಬಂದು ಬೀಳುವ ಟಿಪ್ಪಣಿಗಳೂ ಪ್ರಶ್ನಪತ್ರಿಕೆಗಳೂ ಮದುವೆಯ ಮನೆಯಲ್ಲಿ ತಾಂಬೂಲದೊಡನೆ ಕೊಟ್ಟ ತೆಂಗಿನಕಾಯಿಗಳಂತೆ ಒಬ್ಬರಿಂದ ಒಬ್ಬರಿಗೆ ಸಂಚರಿಸುತ್ತಿರುವುವು. ಒಡೆದು ನೋಡುವವರು ಕಡಮೆ. ಯಾರು ಬರೆದರು, ಯಾವ ತರಗತಿಯಲ್ಲಿ ಹೇಳಿನೋಡಿದರು, ಮಕ್ಕಳು ಎಲ್ಲಿ ಎಡವಿದರು ಎಂಬುದು ಯಾವುದರ ಮೇಲೂ ಇರುವುದಿಲ್ಲ. ಮೇಷ್ಟ್ರು ಪಾಠ ಬಿಟ್ಟು ಮೊಬೈಲು ನೋಡುವರೆಂದು ಊರಿನವರು ಆಡಿಕೊಳ್ಳುವುದು ಬೇರೆ.

ನಮ್ಮ ಅಭಿಪ್ರಾಯದಲ್ಲಿ, ಪಾಠಗಳ ರಾಶಿಗಿಂತ ಹೆಚ್ಚು ಬೇಕಾದುದು ಅವುಗಳನ್ನು ಜತೆಗೂಡಿ ಪರೀಕ್ಷಿಸಿ ಮಾರ್ಪಡಿಸುವ ಅಭ್ಯಾಸ. ಇದು ನಮ್ಮ ನಾಡಿಗೆ ಹೊಸದೇನೂ ಅಲ್ಲ. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಕೆಲವು ಪ್ರಾಥಮಿಕ ಶಾಲೆಯ ಉಪಾಧ್ಯಾಯರು ಆಂಧ್ರದ ಮದನಪಲ್ಲಿಯ ಬಳಿಯಿರುವ ಋಷಿವ್ಯಾಲಿಗೆ ಹೋಗಿ, ಅಲ್ಲಿನ ಗ್ರಾಮಶಾಲೆಗಳಲ್ಲಿ ಬೇರೆಬೇರೆ ಮಟ್ಟದ ಮಕ್ಕಳು ಒಂದೇ ಕೊಠಡಿಯಲ್ಲಿ ಚೀಟಿಗಳನ್ನು ಹಿಡಿದು ತಮ್ಮ ತಮ್ಮ ವೇಗದಲ್ಲಿ ಕಲಿಯುವುದನ್ನು ಕಂಡು ಬಂದರು. ಆಗ ಅವರ ಕೈಯಲ್ಲಿ ಅಂತರ್ಜಾಲವೂ ಇರಲಿಲ್ಲ, ಮೊಬೈಲೂ ಇರಲಿಲ್ಲ. ಕಂಡುದನ್ನು ಅವರು ಹಾಗೆಯೇ ನಕಲು ಮಾಡಲಿಲ್ಲ. ನಮ್ಮ ಭಾಷೆಗೂ ನಮ್ಮ ಮಕ್ಕಳಿಗೂ ತಕ್ಕಂತೆ ಕಾರ್ಡುಗಳನ್ನು ತಾವೇ ಕುಳಿತು ಬರೆದರು. ಅದೇ ‘ನಲಿಕಲಿ’. 2009-10ರಲ್ಲಿ ಅದು ರಾಜ್ಯದ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳ ಕೆಳತರಗತಿಗಳಿಗೆಲ್ಲ ಹಬ್ಬಿತು. ಎಲ್ಲ ಕಡೆಯೂ ಹಬ್ಬಿದ ಮೇಲೆ, ಬರೆದವರ ಉತ್ಸಾಹವು ಬರೆದುದನ್ನು ಕೈಗೆ ಪಡೆದವರಲ್ಲಿ ಅಷ್ಟೇ ಇದ್ದಿತೆ ಎಂದು ಕೇಳಿದರೆ, ಇಲ್ಲವೆಂದೇ ಹೇಳಬೇಕಾಗುವುದು. ತಾನು ಕೈ ಹಾಕದ ಪಾಠವು ಉಪಾಧ್ಯಾಯನಿಗೆ ಎರವಲು ತಂದ ಅಂಗಿಯಂತೆ.

ಜಪಾನಿನ ಪ್ರಾಥಮಿಕ ಶಾಲೆಗಳಲ್ಲಿ ಈ ಜತೆಗೆಲಸಕ್ಕೆ ಒಂದು ಕ್ರಮವೇ ಉಂಟು. ನೂರು ವರ್ಷಗಳಿಗೂ ಹಳೆಯದು. ಕೆಲವು ಉಪಾಧ್ಯಾಯರು ಕೂಡಿ ಒಂದೇ ಒಂದು ಪಾಠವನ್ನು ತಿಂಗಳುಗಟ್ಟಲೆ ಯೋಚಿಸುವರು. ಒಬ್ಬರು ಅದನ್ನು ತರಗತಿಯಲ್ಲಿ ಹೇಳುವರು. ಮಿಕ್ಕವರು ಹಿಂದೆ ನಿಂತು ನೋಡುವರು. ನೋಡುವುದು ಉಪಾಧ್ಯಾಯನನ್ನಲ್ಲ, ಮಕ್ಕಳನ್ನು. ಬಳಿಕ ಕುಳಿತು ತಿದ್ದಿ, ಬೇರೊಂದು ತರಗತಿಯಲ್ಲಿ ಮತ್ತೆ ಹೇಳುವರು. 1999ರಲ್ಲಿ ಅಮೆರಿಕಾದ ಇಬ್ಬರು ವಿದ್ವಾಂಸರು ತಮ್ಮ ಗ್ರಂಥದಲ್ಲಿ ಇದನ್ನು ವರ್ಣಿಸಿದ ಮೇಲೆ ಹೊರದೇಶಗಳು ಇದರ ಕಡೆಗೆ ಕಣ್ಣೆತ್ತಿದವು.

ಆ ವರ್ಣನೆಯನ್ನು ಅಂತರ್ಜಾಲದಲ್ಲಿ ಓದಿ, 2016ರಲ್ಲಿ, ನಾವು ಮೂರು ಶಾಲೆಗಳ ಆರು ಮಂದಿ ಒಂದು ಕೂಟ ಮಾಡಿಕೊಂಡೆವು. ತಿಂಗಳಿಗೊಂದು ಶನಿವಾರ, ಬೆಳಗಿನ ಶಾಲೆ ಮುಗಿದ ಮೇಲೆ ಸೇರುವುದು; ನಡುವಣ ದಿನಗಳಲ್ಲಿ ಎಲ್ಲರೂ ಒಟ್ಟಿಗೆ ತಿದ್ದಬಹುದಾದ ಒಂದು ಪುಟವನ್ನು ಅಂತರ್ಜಾಲದಲ್ಲಿಟ್ಟು ಬರೆಯುವುದು. ಆ ಪುಟದಲ್ಲಿ ಯಾರು ಯಾವ ದಿನ ಏನನ್ನು ತಿದ್ದಿದರೆಂಬುದು ಉಳಿಯುವುದರಿಂದ, ಅಳಿಸಿಹೋದ ಒಳ್ಳೆಯ ಮಾತನ್ನು ಮತ್ತೆ ಎತ್ತಿಕೊಳ್ಳಬಹುದು. ಮೊದಲ ಸಭೆಗೆ ಒಬ್ಬೊಬ್ಬರೂ ಐದನೆಯ ತರಗತಿಯ ಹತ್ತು ಹತ್ತು ಉತ್ತರಪತ್ರಿಕೆಗಳನ್ನು ತರಬೇಕೆಂದು ನಿಶ್ಚಯವಾಯಿತು.

ಮೇಜಿನ ಮೇಲೆ ಅವುಗಳನ್ನು ಹರಡಿದಾಗ ಕಂಡ ಸಂಗತಿಯಿಂದ ಎಲ್ಲರೂ ಬೆರಗಾದೆವು. ಮೂರನೆಯ ಒಂದು ಭಾಗ ದೊಡ್ಡದೋ ನಾಲ್ಕನೆಯ ಒಂದು ಭಾಗ ದೊಡ್ಡದೋ ಎಂಬ ಪ್ರಶ್ನೆಗೆ ಮೂರು ಊರಿನ ಮಕ್ಕಳಲ್ಲಿಯೂ ಬಹುಮಂದಿ ನಾಲ್ಕನೆಯದೇ ದೊಡ್ಡದೆಂದು ಬರೆದಿದ್ದರು. ಮೂರಕ್ಕಿಂತ ನಾಲ್ಕು ದೊಡ್ಡದಷ್ಟೆ! ಇದು ತಮ್ಮ ಊರಿನ ಮಕ್ಕಳ ಮಂದಬುದ್ಧಿಯೆಂದು ಬಗೆದು ಬಂದಿದ್ದ ಇಬ್ಬರು ಸ್ನೇಹಿತರು ಮೌನವಾದರು. ಒಂದು ಶಾಲೆಯಲ್ಲಿ ತೋರಿದರೆ ಮಗುವಿನ ದೋಷವೆನ್ನಬಹುದು. ಮೂರು ಶಾಲೆಗಳಲ್ಲಿ ಒಂದೇ ತಪ್ಪು ತೋರಿದರೆ ಪಾಠದ ಕಡೆಗೆ ತಿರುಗಿ ನೋಡಲೇಬೇಕು.

ಕಾರಣವನ್ನು ಕಂಡುಹಿಡಿದವರು ಗಣಿತದವರಲ್ಲ, ಕೂಟದಲ್ಲಿದ್ದ ಕನ್ನಡದ ಪಂಡಿತರು. ಅವರೆಂದರು: “ನಮ್ಮ ಮಾತಿನಲ್ಲಿ ಅರೆ ಉಂಟು, ಕಾಲು ಉಂಟು, ಮುಕ್ಕಾಲು ಉಂಟು, ಅರೆಕಾಲು ಉಂಟು, ಹದಿನಾರನೆಯ ಒಂದಕ್ಕೆ ವೀಸವೂ ಉಂಟು. ಮೂರನೆಯ ಒಂದಕ್ಕೆ ಮನೆಯಲ್ಲಿ ಆಡುವ ಒಂದು ಹೆಸರನ್ನು ಹೇಳಿ ನೋಡೋಣ!” ನಾವು ಯಾರೂ ಹೇಳಲಾರದೆ ಹೋದೆವು. ರೂಪಾಯಿಗೆ ಹದಿನಾರಾಣೆ ಇದ್ದ ಕಾಲದಲ್ಲಿ, ಎಂದರೆ 1957ರಲ್ಲಿ ದಶಮಾಂಶದ ನಾಣ್ಯಗಳು ಬರುವವರೆಗೂ, ನಮ್ಮ ದುಡ್ಡೂ ಬಹುಮಟ್ಟಿಗೆ ಅರ್ಧರ್ಧವಾಗಿಯೇ ಒಡೆಯುತ್ತಲಿತ್ತು. ತರಗತಿಯಲ್ಲಿ ಕಾಗದವನ್ನು ಮಡಿಸಿ ತೋರಿಸುವಾಗಲೂ ಹಾಗೆಯೇ. ಒಮ್ಮೆ ಮಡಿಸಿದರೆ ಅರ್ಧ, ಮತ್ತೊಮ್ಮೆ ಮಡಿಸಿದರೆ ಕಾಲು. ಸಮನಾಗಿ ಮೂರು ಮಡಿಕೆ ಮಾಡುವುದು ದೊಡ್ಡವರಿಗೂ ಕಷ್ಟ. ನಾಲಗೆಗೂ ಕೈಗೂ ಪರಿಚಯವಿಲ್ಲದ ಮೂರನೆಯ ಭಾಗವನ್ನು ಮಗುವು ಕಾಲಿನೊಡನೆ ಹೋಲಿಸುವುದಾದರೂ ಹೇಗೆ?

ಆಗ ಒಬ್ಬ ಉಪಾಧ್ಯಾಯಿನಿಯು ಗೆರೆ ಹಾಕಿದ ನೋಟುಪುಸ್ತಕದ ಹಾಳೆಯಿಂದ ಹನ್ನೆರಡು ಸಾಲುಗಳ ಉದ್ದದ ಪಟ್ಟಿಗಳನ್ನು ಕತ್ತರಿಸಿದರು. ಆರು ಸಾಲಿಗೆ ಅರ್ಧ, ನಾಲ್ಕು ಸಾಲಿಗೆ ಮೂರನೆಯ ಒಂದು, ಮೂರು ಸಾಲಿಗೆ ಕಾಲು, ಎರಡು ಸಾಲಿಗೆ ಆರನೆಯ ಒಂದು. ಮಡಿಸುವ ಶ್ರಮವೇ ಇಲ್ಲ. ಸಾಲನ್ನು ಎಣಿಸಿ ಕತ್ತರಿಸಿದರೆ ಸಾಕು. ಇದನ್ನು ಪಾಠವಾಗಿ ಬರೆದು, ನಮ್ಮ ಶಾಲೆಯಲ್ಲಿ ಸಮಾಲೋಚನಾ ಸಭೆ ನಡೆದ ದಿನ ಮುಖ್ಯೋಪಾಧ್ಯಾಯರ ಅಪ್ಪಣೆ ಪಡೆದು ಒಂದು ಗಂಟೆ ಹೇಳಿ ನೋಡಿದೆವು. ಹಿಂದೆ ನಿಂತಿದ್ದವರು ಕಂಡು ತಿಳಿಸಿದುದರಿಂದ ಎರಡನೆಯ ಶಾಲೆಯಲ್ಲಿ ಕ್ರಮ ಬದಲಾಯಿತು. ಮೊದಲು ‘ಫೆಟ್’ನ ವೃತ್ತಗಳನ್ನು ಪರದೆಯ ಮೇಲೆ ತೋರಿಸಿ ಆಮೇಲೆ ಕಾಗದವನ್ನು ಕೊಟ್ಟಿದ್ದೆವು, ಪರದೆಯಲ್ಲಿ ಗುಂಡಿಯನ್ನು ಒತ್ತಿದೊಡನೆ ವೃತ್ತವು ಮೂರಾಗಿಬಿಡುವುದರಿಂದ ಮಕ್ಕಳು ನಲಿದರೇ ಹೊರತು ಯೋಚಿಸಲಿಲ್ಲ. ಕಾಗದವನ್ನು ಮೊದಲು ಕೊಟ್ಟು ಕತ್ತರಿಸಿದ ಮೇಲೆ ಪರದೆಯನ್ನು ತೋರಿಸಿದಾಗ, “ಏಳು ಮಾಡಿ ಸಾರ್, ಇನ್ನೂ ಸಣ್ಣದಾಗುತ್ತೆ” ಎಂದು ಮುಂಚೆಯೇ ಕೂಗತೊಡಗಿದರು. ಯಂತ್ರವು ಅಲ್ಲಿಯೂ ಅದೇ, ಇಲ್ಲಿಯೂ ಅದೇ.

ಈ ಪಾಠವನ್ನು ನಾವು ಮುಕ್ತ ಪರವಾನಗಿಯೊಡನೆ ಅಂತರ್ಜಾಲಕ್ಕೆ ಏರಿಸಿದೆವು. ಪರವಾನಗಿಯೆಂಬುದು ಮನೆಯ ವಾಚಕರಿಗೆ ಒಣ ಮಾತಾಗಿ ತೋರಬಹುದು. ಆದರೂ ಎರಡು ಮಾತು ಹೇಳದೆ ವಿಧಿಯಿಲ್ಲ. ಸಾಮಾನ್ಯ ಗ್ರಂಥವನ್ನು ಇನ್ನೊಬ್ಬರು ಬದಲಿಸಿ ಅಚ್ಚು ಹಾಕಿದರೆ ಅಪರಾಧ. ಆದರೆ 2002ರಲ್ಲಿ ಪ್ರಕಟವಾದ ‘ಕ್ರಿಯೇಟಿವ್ ಕಾಮನ್ಸ್’ ಎಂಬ ಪರವಾನಗಿಗಳಲ್ಲಿ ಒಂದು ಬಗೆಯದು, ಬರೆದವರ ಹೆಸರನ್ನು ಉಳಿಸಿ, ತಾವು ತಿದ್ದಿದುದನ್ನು ಅದೇ ಕರಾರಿನ ಮೇಲೆ ಇತರರಿಗೂ ಬಿಟ್ಟುಕೊಡುವುದಾದರೆ, ಯಾರು ಬೇಕಾದರೂ ತಿದ್ದಬಹುದೆಂದು ಮೊದಲೇ ಅನುಮತಿ ಕೊಡುವುದು. ಮೊಸರಿಗೆ ಹೆಪ್ಪು ಕೊಟ್ಟ ಹಾಗೆ. ಈ ಕರಾರನ್ನು ಮುರಿಯುವವರೂ ಉಂಟು. ನಮ್ಮ ಪಟ್ಟಿಗಳನ್ನು ಒಬ್ಬ ಗೈಡು ಪುಸ್ತಕದ ವ್ಯಾಪಾರಿಯು ಆರು ಮಂದಿಯ ಹೆಸರನ್ನೂ ಕಿತ್ತುಹಾಕಿ ತನ್ನ ಪುಸ್ತಕದಲ್ಲಿ ಸೇರಿಸಿ ಮಾರಿದನು. ನಮಗೆ ಅದಕ್ಕಿಂತ ನೋವಾದುದು, ಆ ಪುಸ್ತಕದಲ್ಲಿ ಹನ್ನೆರಡರ ಬದಲು ಹತ್ತು ಸಾಲುಗಳ ಪಟ್ಟಿ ಅಚ್ಚಾಗಿದ್ದುದು. ಹತ್ತನ್ನು ಮೂರು ಮಾಡುವುದು ಹೇಗೋ!

ತಿದ್ದಿ ಹಿಂದಿರುಗಿಸಿದವರ ಕಥೆ ಬೇರೆ. ಬಯಲುಸೀಮೆಯ ಮಾಸ್ತರೊಬ್ಬರು ಪಟ್ಟಿಯ ಜತೆಗೆ ಒಂದು ಲೆಕ್ಕವನ್ನು ಸೇರಿಸಿದರು. ಒಂದು ಎಕರೆ ಹೊಲವನ್ನು ಮೂವರು ಅಣ್ಣತಮ್ಮಂದಿರು ಹಂಚಿಕೊಂಡರು. ಪಕ್ಕದ ಒಂದು ಎಕರೆಯನ್ನು ನಾಲ್ವರು. ಯಾರ ಪಾಲು ದೊಡ್ಡದು? ಎಕರೆಗೆ ನಲವತ್ತು ಗುಂಟೆಯೆಂಬುದು ಒಕ್ಕಲು ಮಕ್ಕಳಿಗೆ ಬಾಯಿಪಾಠ. ನಾಲ್ವರಿದ್ದರೆ ಹತ್ತು ಹತ್ತು ಗುಂಟೆ, ಮೂವರಿದ್ದರೆ ಹದಿಮೂರು ದಾಟಿ ಮತ್ತಷ್ಟು. ನಮ್ಮ ತರಗತಿಯಲ್ಲಿ ಇದನ್ನು ಕೇಳಿದಾಗ, ಅಂದಿನವರೆಗೆ ಗಣಿತದಲ್ಲಿ ಬಾಯಿಬಿಡದಿದ್ದ ಹುಡುಗನೊಬ್ಬನು ಎದ್ದು, “ಮೂರು ಜನ ಇರೋ ಮನೇಲಿ ಹುಟ್ಟಿದ್ರೇ ವಾಸಿ ಸಾರ್” ಎಂದನು. ಭಿನ್ನರಾಶಿಯ ಛೇದವು ದೊಡ್ಡದಾದಂತೆ ಭಾಗವು ಕಿರಿದಾಗುವುದೆಂಬ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ಪಠ್ಯಪುಸ್ತಕವೂ ಹೇಳಿಲ್ಲ.

ಅದರ ಮೇಲೆ ಬಂದ ತಿದ್ದುಪಡಿಯು ಹಗುರವಾದುದಾಗಿರಲಿಲ್ಲ. ನೆರೆಯ ತಾಲ್ಲೂಕಿನ ಉಪಾಧ್ಯಾಯಿನಿಯೊಬ್ಬರು ‘ಮೂವರು ಅಣ್ಣತಮ್ಮಂದಿರೂ ಒಬ್ಬ ತಂಗಿಯೂ’ ಎಂದು ಬದಲಿಸಿ, ಒಬ್ಬೊಬ್ಬರ ಪಾಲೆಷ್ಟೆಂದು ಕೇಳಿದರು. ಅವರ ತರಗತಿಯಲ್ಲಿ ಹೆಣ್ಣುಮಕ್ಕಳೂ ಸೇರಿ ಹೆಚ್ಚಿನವರು ಮೂರನೆಯ ಒಂದೆಂದೇ ಬರೆದರು. ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲೆಂದು 2005ರ ಶಾಸನವು ಹೇಳಿರುವುದನ್ನು ಅವರು ತಿಳಿಸಿದಾಗ, ಒಬ್ಬ ಹುಡುಗಿಯು ಆ ಲೆಕ್ಕವನ್ನು ಮನೆಗೆ ಒಯ್ದು ತಂದೆಯನ್ನು ಕೇಳಿದಳಂತೆ. ಮರುದಿನ ಇಬ್ಬರು ಹಿರಿಯರು ಶಾಲೆಗೆ ಬಂದು, ಲೆಕ್ಕ ಕಲಿಸಿರೆಂದರೆ ಮನೆ ಒಡೆಯುವುದನ್ನು ಕಲಿಸುವಿರಾ ಎಂದು ಮುಖ್ಯೋಪಾಧ್ಯಾಯರನ್ನು ತರಾಟೆಗೆ ತೆಗೆದುಕೊಂಡರು.

ಈ ಲೆಕ್ಕವನ್ನು ಉಳಿಸಬೇಕೆ, ತೆಗೆಯಬೇಕೆ ಎಂದು ನಮ್ಮ ಕೂಟದಲ್ಲಿ ಎರಡು ಶನಿವಾರ ಚರ್ಚೆ ನಡೆಯಿತು. ಒಂಟಿಯಾಗಿದ್ದರೆ ಆ ಉಪಾಧ್ಯಾಯಿನಿಯು ಅಳಿಸಿಬಿಡುತ್ತಿದ್ದರೋ ಏನೋ, ಅವರೇ ಹಾಗೆಂದರು. ಹೊಲವನ್ನು ಭಾಗ ಮಾಡುವ ಮೊದಲು ಪಾಲುದಾರರನ್ನು ಸರಿಯಾಗಿ ಎಣಿಸಬೇಕೆಂಬುದು ಗಣಿತವೇ ಹೊರತು ಜಗಳವಲ್ಲವೆಂದು ನಾವು ವಾದಿಸಿದೆವು. ಕಡೆಗೆ ಲೆಕ್ಕವು ಉಳಿಯಿತು. ಅದರ ಕೆಳಗೆ ಶಾಸನದ ವಿಷಯವಾಗಿ ನಾಲ್ಕು ಸಾಲಿನ ಟಿಪ್ಪಣಿಯೂ, ಪೋಷಕರು ಬಂದು ಕೇಳಿದರೆ ಹೇಗೆ ಸಮಾಧಾನ ಹೇಳಬೇಕೆಂಬ ಸೂಚನೆಯೂ ಸೇರಿದವು. ಆ ಸೂಚನೆಯನ್ನು ಬರೆದವರು, ಅಂದು ಬೈಸಿಕೊಂಡ ಮುಖ್ಯೋಪಾಧ್ಯಾಯರೇ.

ಕಳೆದ ತಿಂಗಳು ಕರಾವಳಿಯಿಂದ ಇನ್ನೊಂದು ತಿದ್ದುಪಡಿ ಬಂದಿದೆ. ಅಲ್ಲಿ ಭೂಮಿಯನ್ನು ಗುಂಟೆಯಲ್ಲಲ್ಲ, ಸೆಂಟ್ಸ್ ಲೆಕ್ಕದಲ್ಲಿ ಅಳೆಯುವರು. ಎಕರೆಗೆ ನೂರು ಸೆಂಟ್ಸ್. ಆದುದರಿಂದ ಐದನೆಯ ತರಗತಿಯ ಪಾಠವು ಅಲ್ಲಿ ಏಳನೆಯ ತರಗತಿಯ ಶೇಕಡಾ ಲೆಕ್ಕವಾಗಿ ಮಾರ್ಪಟ್ಟಿದೆ. ಕಾಲು ಎಕರೆಗೆ ಇಪ್ಪತ್ತೈದು ಎಂಬುದು ಸುಲಭವಾಗಿ ಸಾಗಿದೆ. ಮೂವರಿಗೆ ಮೂವತ್ತಮೂರು ಮೂವತ್ತಮೂರು ಕೊಟ್ಟ ಮೇಲೆ ಉಳಿಯುವ ಒಂದು ಸೆಂಟ್ ಜಾಗ ಯಾರಿಗೆಂದು ಮಕ್ಕಳು ಕೇಳುತ್ತಿರುವರಂತೆ. ಬಾವಿಗೆ ಬಿಡೋಣವೆಂದು ಒಬ್ಬನು ಸೂಚಿಸಿದ್ದಾನೆ. ದಸರೆಯ ರಜೆ ಕಳೆದ ಮೇಲಿನ ಶನಿವಾರ ನಾವು ಆರು ಮಂದಿ ಕುಳಿತು ಅದಕ್ಕೆ ಉತ್ತರ ಬರೆಯಬೇಕಾಗಿದೆ.