ಕವರತ್ತಿಯ ಮರಳು ತೊಳೆಯುವವರು

ಮೊಣಕಾಲುದ್ದದ ತಿಳಿನೀರಿನಲ್ಲಿ ನಿಂತಿದ್ದ ಮೊಮ್ಮಗಳು ಥಟ್ಟನೆ ನನ್ನ ಕೈ ಹಿಡಿದಳು. “ಅಜ್ಜಿ, ಯಾರೋ ಬದನೆಕಾಯಿ ಬಿಸಾಡಿದ್ದಾರೆ ನೋಡಿ!”

ನಾವಿದ್ದದ್ದು ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ. ಮೊದಲೇ ಪರವಾನಗಿ ಪಡೆದು, ಕೊಚ್ಚಿಯಿಂದ ಹಡಗು ಹತ್ತಿ ಬಂದಿದ್ದೆವು. ಮಂಗಳೂರಿನವರಾದ ನಮಗೆ ಈ ದ್ವೀಪಗಳು ತೀರ ಹೊರಗಿನವಲ್ಲ. ಇಲ್ಲಿಂದ ಉತ್ತರಕ್ಕಿರುವ ಅಮಿನಿ, ಕಡಮತ್, ಕಿಲ್ತಾನ್ ಮುಂತಾದ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು.

ಕವರತ್ತಿಯ ಪಶ್ಚಿಮಕ್ಕೆ ಹವಳದ ದಿಬ್ಬ ಗೋಡೆಯಂತೆ ನಿಂತಿದೆ. ದೊಡ್ಡ ಅಲೆಗಳು ಅಲ್ಲೇ ಒಡೆಯುತ್ತವೆ. ಒಳಗಿನ ನೀರು ಊರ ಕೆರೆಯಂತೆ ಶಾಂತ. ಇದಕ್ಕೆ ಲಗೂನ್ ಎನ್ನುತ್ತಾರೆ. ತಳದಲ್ಲಿ ರವೆ ಹರಡಿದಂತೆ ಬಿಳಿ ಮರಳು.

ಆ ಮರಳಿನ ಮೇಲೆ ಗೇಣುದ್ದದ ಕಪ್ಪು ‘ಬದನೆಕಾಯಿ’ ಮಲಗಿತ್ತು. “ಕಡಲ್ ವೆಳ್ಳರಿ” ಎಂದರು ದೋಣಿಯವರು. ಅಂದರೆ ಕಡಲಸೌತೆ. ಹೆಸರು ತರಕಾರಿಯದ್ದಾದರೂ ಇದು ಬೆನ್ನೆಲುಬಿಲ್ಲದ ಪ್ರಾಣಿ, ನಕ್ಷತ್ರಮೀನಿನ ಬಳಗದ್ದು.

ಅಲುಗಾಡದೆ ನೋಡುತ್ತ ನಿಂತೆವು. ಬಾಯಿಯ ಸುತ್ತಲಿನ ಪುಟ್ಟ ಕೈಗಳಂತಹ ಎಳೆಗಳಿಂದ ಅದು ಮರಳನ್ನು ಬಾಚಿ ಬಾಚಿ ತಿನ್ನುತ್ತಿತ್ತು. ಮರಳಿಗೆ ಅಂಟಿದ ಪಾಚಿ, ಕೊಳೆತ ಕಸ, ಸೂಕ್ಷ್ಮಜೀವಿಗಳೇ ಅದರ ಊಟ. ಉಳಿದ ಮರಳು ಚಕ್ಕುಲಿ ಒತ್ತಿದಂತೆ ಎಳೆಯಾಗಿ ಹಿಂದಿನಿಂದ ಹೊರಬರುತ್ತದೆ. ಅದು ಉಸಿರಾಡುವುದೂ ಅದೇ ದಾರಿಯಲ್ಲಿ ಎಂದಾಗ ಮೊಮ್ಮಗಳು ನಕ್ಕು ನಕ್ಕು ನೀರಿನಲ್ಲೇ ಕುಳಿತಳು.

ಹೊಲದಲ್ಲಿ ಎರೆಹುಳು ಮಾಡುವ ಕೆಲಸವನ್ನು ಕಡಲಲ್ಲಿ ಇವು ಮಾಡುತ್ತವೆ. ಆಸ್ಟ್ರೇಲಿಯಾದ ಹೆರಾನ್ ದ್ವೀಪದ ಹವಳದಿಬ್ಬದಲ್ಲಿ ಕಡಲಸೌತೆಗಳು ವರ್ಷಕ್ಕೆ ಸುಮಾರು 64,000 ಟನ್ ಮರಳನ್ನು ಹೀಗೆ ತಿಂದು ಹೊರಹಾಕುತ್ತವೆ ಎಂದು ವಿಜ್ಞಾನಿಗಳು ಅಂದಾಜಿಸಿದ್ದಾರೆ.

“ಅಜ್ಜಿ, ಒಂದನ್ನು ಮನೆಗೆ ಕೊಂಡುಹೋಗೋಣವಾ?”

ಅವಳ ಆಸೆಗೆ ಕಾರಣವಿತ್ತು. ಮನೆಯಲ್ಲಿ ಅವಳ ಅಪ್ಪನ ಉಪ್ಪುನೀರಿನ ಮೀನುತೊಟ್ಟಿಯಿದೆ. ಅದರ ಬಿಳಿ ಮರಳು ತಿಂಗಳಿಂದ ಕಂದು ಬಣ್ಣಕ್ಕೆ ತಿರುಗಿತ್ತು. ಇಂಥ ಕೆಲಸಗಾರ ಸಿಕ್ಕರೆ ಯಾರಿಗೆ ಬೇಡ?

ದೋಣಿಯವರು ತಲೆಯಾಡಿಸಿದರು. “ಮುಟ್ಟಲೂಬಾರದು ಮೋಳೆ.” ಹೊರದೇಶಗಳಲ್ಲಿ ಒಣಗಿಸಿದ ಕಡಲಸೌತೆಯ ಸೂಪಿಗೆ ಭಾರೀ ಬೆಲೆ. ಆ ಆಸೆಗೆ ಹಿಡಿದು ಹಿಡಿದು ಇವು ಕಡಿಮೆಯಾದವು. 2001ರಿಂದ ನಮ್ಮ ದೇಶದಲ್ಲಿ ಹುಲಿಯಂತೆಯೇ ಇವಕ್ಕೂ ಕಾನೂನಿನ ರಕ್ಷಣೆಯಿದೆ. 2020ರಲ್ಲಿ ಲಕ್ಷದ್ವೀಪದ ಚೆರಿಯಪಾಣಿಯಲ್ಲಿ ಕಡಲಸೌತೆಗಳಿಗೆಂದೇ ಒಂದು ರಕ್ಷಿತ ಪ್ರದೇಶವೂ ಆಯಿತು.

ಕಾನೂನು ಬಿಡಿ, ತೊಟ್ಟಿಯಲ್ಲಿ ಅದು ಸುಖವಾಗಿಯೂ ಇರದು. ಲಗೂನಿನಲ್ಲಿ ಮರಳಿಗೆ ಕೊನೆಯಿಲ್ಲ, ತೊಟ್ಟಿಯಲ್ಲಿರುವುದು ಎರಡು ಬೊಗಸೆ. ಅದರಲ್ಲಿನ ಆಹಾರ ಮುಗಿದ ಮೇಲೆ ಕಡಲಸೌತೆ ದಿನದಿನಕ್ಕೆ ಸೊರಗಿ ಚಿಕ್ಕದಾಗುತ್ತದೆ. ತೀರ ಹೆದರಿದರೆ ವಿಷವನ್ನೂ ಬಿಡಬಹುದು. ಸಣ್ಣ ತೊಟ್ಟಿಯ ಮೀನುಗಳು ಸಾಯಲು ಅಷ್ಟು ಸಾಕು. ಮರಳು ಜಾಲಿಸುವ ನಕ್ಷತ್ರಮೀನಿನ ಕಥೆಯೂ ಅಷ್ಟೇ: ಮರಳಿನೊಳಗಿನ ಪುಟ್ಟ ಜೀವಿಗಳನ್ನೆಲ್ಲ ತಿಂದು ಮುಗಿಸಿ, ಕೊನೆಗೆ ತಾನೇ ಉಪವಾಸ ಬೀಳುತ್ತದೆ.

ಮೊಮ್ಮಗಳ ಮುಖ ಬಾಡಿತು. “ಹಾಗಾದರೆ ನಮ್ಮ ಮರಳು ತೊಳೆಯುವವರು ಯಾರು?”

“ನಿನ್ನ ಎರಡು ಬಸವನಹುಳುಗಳಿವೆಯಲ್ಲ?” ಎಂದೆ. ನಸಾರಿಯಸ್ ಎಂಬ ಈ ಪುಟ್ಟ ಬಸವನಹುಳುಗಳು ಹಗಲೆಲ್ಲ ಮರಳಲ್ಲಿ ಹೂತು, ಆನೆಯ ಸೊಂಡಿಲಿನಂತಹ ಕೊಳವೆಯನ್ನಷ್ಟೇ ಮೇಲಕ್ಕೆ ಚಾಚಿರುತ್ತವೆ. ಆಹಾರದ ವಾಸನೆ ಬಂದರೆ ಸಾಕು, ಎದ್ದು ಓಡಿಬರುತ್ತವೆ. ಮೀನು ಬಿಟ್ಟ ಚೂರುಗಳೇ ಅವುಗಳ ಪಾಲು. ಓಡಾಡುವಾಗ ಮರಳನ್ನೂ ಕೆದಕುತ್ತವೆ.

“ಮೀನಿಗೆ ದಿನಕ್ಕೆ ಎಷ್ಟು ಸಲ ಊಟ ಹಾಕುತ್ತೀ?”

ಅವಳು ಬೆರಳು ಮಡಚಿದಳು. “ಶಾಲೆಗೆ ಹೋಗುವಾಗ, ಬಂದಾಗ, ಮಲಗುವಾಗ. ಮತ್ತೆ... ಅವು ನನ್ನನ್ನು ನೋಡಿದಾಗಲೆಲ್ಲ.”

ಮರಳು ಕಂದಾದದ್ದು ಏಕೆಂದು ಇಬ್ಬರಿಗೂ ಗೊತ್ತಾಯಿತು. ಎರಡು ಹುಳುಗಳು ಎಷ್ಟೆಂದು ತಿಂದಾವು?

ಊರಿಗೆ ಬಂದ ಮೇಲೆ ಮೀನುಗಳಿಗೆ ದಿನಕ್ಕೊಮ್ಮೆ ಒಂದು ಚಿಟಿಕೆ ಮಾತ್ರ. ಹಾಕುವವಳು ಅವಳೇ, ಲೆಕ್ಕ ಇಡುವವಳೂ ಅವಳೇ. ಮರಳು ಮತ್ತೆ ಬೆಳ್ಳಗಾಗುತ್ತಿದೆ. ಮೀನುಗಳು ನೋಡಿದಾಗಲೆಲ್ಲ ಅವಳು ಈಗ ಬರೀ ಕೈ ಬೀಸುತ್ತಾಳೆ.